ದನಿ ಮಾರಿದ ಮಾಸ್ತರು

ಮಾಸ್ತರು ನಮ್ಮನ್ನು ಮಾರಿದರು. ನಮ್ಮ ಕನ್ನಡ ಸಂಘದವರು ಅವರ ನೆನಪಿಗೆಂದು ಸಂಚಿಕೆ ತರುತ್ತಿದ್ದಾರೆ, ನನಗೂ ಎರಡು ಪುಟ ಬರೆಯಲು ಹೇಳಿದ್ದಾರೆ. ಉಳಿದವರು ಬರೆದದ್ದನ್ನು ತರಿಸಿಕೊಂಡು ಓದಿದೆ. ಒಬ್ಬರು ‘ಸಂಸ್ಥೆಗೆ ಹಸ್ತಾಂತರಿಸಿದರು’ ಎಂದಿದ್ದಾರೆ, ಇನ್ನೊಬ್ಬರು ‘ಮುಂದಿನ ಹಂತಕ್ಕೆ ಒಯ್ದರು’ ಎಂದಿದ್ದಾರೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಅಲ್ಲಿಯ ತನಕ ಕಲಿಸಿದ ಕನ್ನಡದಲ್ಲಿ ಇದಕ್ಕೆ ಮಾರುವುದು ಎಂದೇ ಹೆಸರು.

ಅವರ ಬಲಗೈ ಹೆಬ್ಬೆರಳಿನ ಉಗುರು ಒಂದು ಮಾತ್ರ ಉದ್ದ ಇತ್ತು. ಉಳಿದವನ್ನು ಚರ್ಮಕ್ಕೆ ತಾಗುವ ಹಾಗೆ ಕತ್ತರಿಸುತ್ತಿದ್ದರು. ಆ ಒಂದು ಉಗುರಿನಿಂದ ಸೀಡಿಯ ಪ್ಲಾಸ್ಟಿಕ್ ಡಬ್ಬಿ ತೆರೆಯುವರು, ಕಂಪ್ಯೂಟರಿನ ಬೆನ್ನಿನ ಸ್ಕ್ರೂ ಸಡಿಲಿಸುವರು, ಮಾತಾಡುವಾಗ ಮೇಜನ್ನು ಟಕ್ ಟಕ್ ಬಡಿಯುವರು. ನಮ್ಮ ಹೌಸಿಂಗ್ ಸೊಸೈಟಿಯ ಹೆಂಗಸರು ಅದನ್ನು ನೋಡಿ ಮೂಗು ಮುರಿಯುತ್ತಿದ್ದರು. ನನಗೆ ಅದರ ಮೇಲೆ ಸಿಟ್ಟಿರಲಿಲ್ಲ. ಅದು ಕೆಲಸದ ಉಗುರು.

ಅವರು ಉಡುಪಿ ಕಡೆಯವರು. ಟೆಲಿಫೋನ್ ಖಾತೆಯಲ್ಲಿದ್ದು ಅವಧಿಗೆ ಮೊದಲೇ ನೌಕರಿ ಬಿಟ್ಟು ಮನೆಯಲ್ಲಿ ಕುಳಿತಿದ್ದರು. ಶಾಲೆಯಲ್ಲಿ ಒಂದು ದಿನವೂ ಕಲಿಸಿದವರಲ್ಲ. ಆದರೆ ಭಾನುವಾರ ಮಧ್ಯಾಹ್ನ ಸಂಘದ ಕೋಣೆಯಲ್ಲಿ ಬಂದವರಿಗೆಲ್ಲ ಕಂಪ್ಯೂಟರ್ ಹೇಳಿಕೊಡುತ್ತಿದ್ದರು, ಹಾಗಾಗಿ ಮಾಸ್ತರು. ಮುಂಬೈ ಹತ್ತಿರದ ಠಾಕುರ್ಲಿಯಲ್ಲಿ ರೈಲು ಹಳಿಯ ಪಕ್ಕದ ಕಟ್ಟಡದಲ್ಲಿ ನಾವು ಮೂರನೇ ಮಾಳಿಗೆ, ಅವರು ಎರಡನೇ ಮಾಳಿಗೆ. ನಾನು ಜೋಳದ ರೊಟ್ಟಿ ಬಡಿದು ಮಾರುತ್ತಿದ್ದೆ, ಈಗಲೂ ಮಾರುತ್ತೇನೆ. ನಮ್ಮವರು ಡೊಂಬಿವಲಿಯ ಬಣ್ಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ವಿಜಾಪುರದ ಕಡೆಯಿಂದ ಇಲ್ಲಿಗೆ ಬಂದು ನಮ್ಮ ಆಯುಷ್ಯವೇ ಹೋಯಿತು.

ಮಾಸ್ತರ ಪರಿಚಯ ಆದದ್ದು ಜಗಳದಿಂದ. ನನ್ನ ಮಗ ಎಲ್ಲಿಂದಲೋ ಹಳೆಯ ಕಂಪ್ಯೂಟರ್ ತಂದಿದ್ದ. ವಾರದಲ್ಲಿ ಅದು ಸತ್ತು ಬಿತ್ತು. ಮಾಸ್ತರನ್ನು ಕರೆದ. ಅವರು ಬಂದು ಗುಂಡಿ ಒತ್ತಿ ನೋಡಿ, ನನ್ನ ಮುಖ ನೋಡಿ ಹೇಳಿದರು.

“ಅಕ್ಕಾ, ಮನೆಯಲ್ಲಿ ಕದ್ದ ಮಾಲು ಇಟ್ಟುಕೊಂಡಿದ್ದೀರಿ, ಗೊತ್ತುಂಟಾ?”

ನನ್ನ ಕೈಯಲ್ಲಿ ಹಿಟ್ಟಿತ್ತು. ಹಾಗೆಯೇ ಎದ್ದು ಬಂದೆ. “ಯಾರಿಗ್ರೀ ಕಳ್ಳರು ಅನ್ನೋದು? ರೊಕ್ಕಾ ಕೊಟ್ಟು ತಂದಾನ ನನ್ನ ಮಗ!”

“ಪೆಟ್ಟಿಗೆಗೆ ಕೊಟ್ಟದ್ದು ಮಾರಾಯ್ರೆ. ಒಳಗೆ ಇರುವ ಸಾಫ್ಟ್‌ವೇರಿಗೆ ಯಾರೂ ಕೊಡ್ಲಿಲ್ಲ. ಅಂಗಡಿಯವ ಕದ್ದು ತುಂಬಿಸಿದ್ದಾನೆ. ಈ ಸ್ಟೇಷನ್ ರೋಡಿನಲ್ಲಿ ಎಲ್ಲರದೂ ಹಾಗೇ.”

ಅದನ್ನು ಒರೆಸಿ ಹಾಕಿ ತಮ್ಮ ಸೀಡಿ ತೂರಿಸಿದರು. ಇದು ಕದ್ದದ್ದಲ್ಲ, ಕೊಂಡದ್ದೂ ಅಲ್ಲ, ಇದನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ತಿದ್ದಬಹುದು, ಹಂಚಬಹುದು ಎಂದರು. ನಾನು ನಂಬಲಿಲ್ಲ. ಪುಕ್ಕಟೆ ಕೊಡುವವನ ಮೇಲೆ ನನಗೆ ಮೊದಲಿನಿಂದಲೂ ಸಂಶಯ.

“ನಿನ್ನೆ ನಮ್ಮ ಮನೆಗೆ ಹೆಪ್ಪು ಕೊಟ್ಟಿರಲ್ಲ ಅಕ್ಕಾ, ನಿಮ್ಮ ಮೊಸರು ಕಡಿಮೆ ಆಯ್ತಾ?”

“ಇಲ್ಲ.”

“ನಾಳೆ ನಾನು ಅದರಿಂದಲೇ ಪಕ್ಕದ ಮನೆಗೆ ಕೊಟ್ರೆ ಬೇಡ ಅಂತೀರಾ?”

“ನಾ ಯಾಕ ಬ್ಯಾಡ ಅನ್ಲಿ?”

“ಹಾಗಾದ್ರೆ ನಿಮಗೆ ಗೊತ್ತುಂಟು. ನನ್ನ ಹತ್ರ ಬರುವ ಇಂಜಿನಿಯರ್‌ಗಳಿಗೇ ಇದು ತಲೆಗೆ ಹೋಗುವುದಿಲ್ಲ.”

ಹೊಗಳಿಕೆ ಎಂದು ಗೊತ್ತಿದ್ದರೂ ಹಿಡಿಸಿತು. ಮುಂದಿನ ಭಾನುವಾರ ಸಂಘದ ಕೋಣೆಗೆ ಹೋದೆ. ಕೀಲಿಮಣೆಯ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿ ಕೊಟ್ಟರು. ಶಾಲೆ ಬಿಟ್ಟ ಮೇಲೆ ಬಸ್ಸಿನ ಬೋರ್ಡು ಬಿಟ್ಟು ಬೇರೇನೂ ಓದದಿದ್ದ ನಾನು ಅಲ್ಲಿ ಮತ್ತೆ ಒತ್ತಕ್ಷರ ಕಲಿತೆ. ಈ ಬರಹವನ್ನೂ ಅವರು ಕಲಿಸಿದ ಹಾಗೆಯೇ ಒಂದು ಬೆರಳಿನಿಂದ ಒತ್ತುತ್ತಿದ್ದೇನೆ. ಅದನ್ನು ಇಲ್ಲವೆನ್ನುವುದಿಲ್ಲ.

ಪಾಠ ಮುಗಿದ ಮೇಲೆ ಕಥೆ. ಅವರ ಊರ ಕಡೆ ತಾಳಮದ್ದಳೆ ಎಂದು ಕೂತಲ್ಲೇ ಮಾತಿನ ಆಟ ಆಡುತ್ತಾರಂತೆ. ವೇಷವಿಲ್ಲ, ಕುಣಿತವಿಲ್ಲ, ಬರೀ ವಾದ. ಮಾಸ್ತರು ಹಾಗೆ ಹೇಳುವರು, ಎರಡೂ ಕಡೆಯ ಮಾತನ್ನು ತಾವೇ ಆಡುವರು. ಅಮೆರಿಕದ ಒಂದು ಕಾಲೇಜಿನಲ್ಲಿ ಮುದ್ರಣದ ಯಂತ್ರ ಪದೇ ಪದೇ ಕಾಗದ ಸಿಕ್ಕಿಸಿಕೊಂಡು ನಿಲ್ಲುತ್ತಿತ್ತು. ಅಲ್ಲಿದ್ದ ಒಬ್ಬ ಕೆಲಸಗಾರ, ಅದನ್ನು ನಡೆಸುವ ಒಳಗಿನ ಬರಹ ಕೊಡಿ, ನಾನೇ ತಿದ್ದಿಕೊಳ್ಳುತ್ತೇನೆ ಎಂದ. ಕೊಡುವುದಿಲ್ಲ, ಕೊಡಬಾರದು ಎಂದು ಸಹಿ ಹಾಕಿದ್ದೇವೆ ಎಂಬ ಉತ್ತರ ಬಂತು. ಅವನಿಗೆ ಸಿಟ್ಟು ಬಂತು. ಹಾಗಾದರೆ ಕಂಪ್ಯೂಟರಿಗೆ ಬೇಕಾದದ್ದನ್ನೆಲ್ಲ ಹೊಸದಾಗಿ ಬರೆಯುತ್ತೇನೆ, ಎಲ್ಲರಿಗೂ ಕೊಡುತ್ತೇನೆ, ಆದರೆ ಒಂದು ಷರತ್ತು: ಇದನ್ನು ತಿದ್ದಿ ಹಂಚುವವನು ತಿದ್ದಿದ್ದನ್ನೂ ಮುಚ್ಚಿಡದೆ ಹಂಚಬೇಕು ಎಂದ. ಆಮೇಲೆ ಎಲ್ಲೋ ಚಳಿಯ ದೇಶದಲ್ಲಿ ಒಬ್ಬ ವಿದ್ಯಾರ್ಥಿ ಅದಕ್ಕೆ ಬೇಕಾಗಿದ್ದ ಗುಂಡಿಗೆಯನ್ನು, ಎಲ್ಲವನ್ನೂ ನಡೆಸುವ ಭಾಗವನ್ನು, ಬರೆದು ಇಂಟರ್ನೆಟ್ಟಿನ ತಂತಿಯ ಮೇಲೆ ಬಿಟ್ಟ. ಒಬ್ಬರನ್ನೊಬ್ಬರು ಕಾಣದ ಜನ ಅದನ್ನು ಕೂಡಿ ತಿದ್ದಿದರು.

ಆಮೇಲೆ ಆ ಜನರ ಮನೆ ಒಡೆಯಿತು. ಒಂದು ಗುಂಪು ಇದು ಸ್ವಾತಂತ್ರ್ಯದ ಮಾತು ಎಂದಿತು. ಇನ್ನೊಂದು ಗುಂಪು, ಸ್ವಾತಂತ್ರ್ಯ ಎಂದರೆ ವ್ಯಾಪಾರಸ್ಥರು ಹೆದರುತ್ತಾರೆ, ಬರೀ ‘ತೆರೆದದ್ದು’ ಎನ್ನೋಣ, ಒಳ್ಳೆಯ ಮಾಲು ತಯಾರಾಗುತ್ತದೆ ಎಂದರೆ ಸಾಕು ಎಂದಿತು. ಹೆದರುತ್ತಿದ್ದ ವ್ಯಾಪಾರಸ್ಥರು ನಿಧಾನಕ್ಕೆ ಒಳಗೆ ಬಂದರು. ಯಾರು ಇದನ್ನು ರೋಗ ಎಂದು ಬೈಯುತ್ತಿದ್ದರೋ ಅವರೇ ಇದರ ಮೇಲೆ ಬಂಗಲೆ ಕಟ್ಟಿದರು. ಕಥೆ ಇಲ್ಲಿಗೆ ಬಂದಾಗ ಮಾಸ್ತರು ವ್ಯಾಪಾರಸ್ಥನ ಮಾತು ಆಡಬೇಕು. ಬಹಳ ಚೆನ್ನಾಗಿ ಆಡುತ್ತಿದ್ದರು. “ನಿಮಗೆ ಹೊಟ್ಟೆ ಇಲ್ಲವೋ? ಮಕ್ಕಳಿಲ್ಲವೋ? ಬೆವರು ಸುರಿಸಿದವನು ಬೆಲೆ ಕೇಳಿದರೆ ತಪ್ಪೇ?” ಎಂದು ಕೈ ಚಾಚಿ ಕೇಳಿದರೆ ಕೂತವರಿಗೆಲ್ಲ ಹೌದಲ್ಲ ಅನ್ನಿಸಬೇಕು. ಮರುಕ್ಷಣ ಇನ್ನೊಂದು ಕಡೆಯವರಾಗಿ ಅದನ್ನು ಕೊಚ್ಚಿ ಹಾಕುವರು. ನಾವು ಚಪ್ಪಾಳೆ ಹೊಡೆಯುವೆವು.

ನಮ್ಮ ಪಕ್ಕದ ಸ್ಟೇಷನ್ ಕಲ್ಯಾಣದಲ್ಲಿ ಒಂದು ಧಾರವಾಡದ ಮನೆತನ ಇತ್ತು. ಅವರ ಹುಡುಗಿಗೆ ಹುಟ್ಟಿನಿಂದ ಕಣ್ಣಿಲ್ಲ. ಒಂದು ಭಾನುವಾರ ಅವಳ ತಂದೆ ಅವಳನ್ನು ಕರೆದುಕೊಂಡು ಸಂಘಕ್ಕೆ ಬಂದು ಕೇಳಿದರು: ಕಂಪ್ಯೂಟರು ಇಂಗ್ಲಿಷನ್ನು ಗಟ್ಟಿಯಾಗಿ ಓದುತ್ತದೆ, ಕನ್ನಡ ಯಾಕೆ ಓದುವುದಿಲ್ಲ? ಮಾಸ್ತರು ಆ ದಿನ ಕಥೆ ಹೇಳಲಿಲ್ಲ. ಕನ್ನಡ ಓದುವ ದನಿಯನ್ನು ನಾವೇ ಮಾಡೋಣ ಎಂದರು. ಯಾರದಾದರೂ ಒಬ್ಬರ ದನಿಯಲ್ಲಿ ನೂರಾರು ವಾಕ್ಯ ಹಿಡಿದಿಟ್ಟು, ಅದನ್ನು ಚೂರು ಚೂರು ಮಾಡಿ ಯಂತ್ರಕ್ಕೆ ಕೊಟ್ಟರೆ, ಆ ಚೂರುಗಳನ್ನು ಜೋಡಿಸಿ ಯಂತ್ರ ಯಾವ ವಾಕ್ಯವನ್ನಾದರೂ ಓದುತ್ತದೆಯಂತೆ.

ನಾಟಕ ಮಾಡಿದವರು, ಭಾವಗೀತೆ ಹಾಡುವವರು ಎಲ್ಲ ಬಂದು ಓದಿದರು. ಅವರು ರಾಗ ಎಳೆದು ಓದುತ್ತಿದ್ದರು, ಯಂತ್ರಕ್ಕೆ ಅದು ಆಗಿಬರಲಿಲ್ಲ. ಕೊನೆಗೆ ನನ್ನನ್ನು ಕೂಡಿಸಿದರು.

“ನೀವು ಒಂದೊಂದು ಅಕ್ಷರಕ್ಕೂ ಹೆದರಿ ಓದ್ತೀರಲ್ಲ ಅಕ್ಕಾ, ನಮಗೆ ಅದೇ ಬೇಕಾದ್ದು” ಎಂದು ನಕ್ಕರು.

ಮಾಸ್ತರ ಮನೆಯ ಒಳಕೋಣೆಯಲ್ಲಿ, ಕಿಟಕಿಗೆ ನನ್ನ ಕೌದಿ ಕಟ್ಟಿ, ಫ್ಯಾನ್ ಆರಿಸಿ ಕೂತೆವು. ಲೋಕಲ್ ರೈಲು ಬಂದರೆ ನಿಲ್ಲಿಸಬೇಕು, ಹೋದ ಮೇಲೆ ಅದೇ ವಾಕ್ಯ ಮೊದಲಿನಿಂದ. ಮಧ್ಯಾಹ್ನ ಗಾಡಿ ಕಡಿಮೆ, ಹಾಗಾಗಿ ರೊಟ್ಟಿ ಕೆಲಸ ಮುಗಿಸಿ ಊಟದ ಹೊತ್ತಿನಲ್ಲಿ ಇಳಿದು ಹೋಗುತ್ತಿದ್ದೆ. ಎಲ್ಲ ಅಕ್ಷರಗಳೂ ಬರಲಿ ಎಂದು ಎಂಥೆಂಥ ವಾಕ್ಯ ಬರೆದಿದ್ದರು! ‘ಝರಿಯ ಬಳಿ ಛತ್ರಿ ಹಿಡಿದ ಜ್ಞಾನಿಗೆ ಠಕ್ಕನೊಬ್ಬ ಢಕ್ಕೆ ಕೊಟ್ಟ’ ಎಂದು ಓದುವಾಗ ನನಗೆ ನಗು ತಡೆಯದೆ ಆ ಮಧ್ಯಾಹ್ನವೇ ಹಾಳಾಯಿತು. ಎರಡು ಬೇಸಿಗೆ ಹೀಗೆ ಹೋಯಿತು. ಬೆವರಿ ಸೆರಗು ಹಿಂಡುವ ಹಾಗಾಗುತ್ತಿತ್ತು.

ಈಗ ಮುಖ್ಯ ಮಾತು. ದನಿ ನನ್ನದು. ಯಂತ್ರದಿಂದ ಓದಿಸುವ ಒಳಗಿನ ಬರಹವನ್ನು ಬರೆದವರು ಐದಾರು ಮಂದಿ, ಶಬ್ದ ತಿದ್ದಿದವರು ಬಹಳ ಮಂದಿ. ಮಾಸ್ತರು ಒಂದು ಭಾನುವಾರ ಎಲ್ಲರನ್ನೂ ಕೂಡಿಸಿ, ಎಲ್ಲದರ ಹಕ್ಕನ್ನೂ ನನ್ನೊಬ್ಬನ ಹೆಸರಿಗೆ ಬರೆದುಕೊಡಿ ಎಂದರು. ಅದು ಈ ಚಳವಳಿಯಲ್ಲಿ ನಡೆದುಬಂದ ಪದ್ಧತಿಯಂತೆ. ನಾಳೆ ಯಾವನಾದರೂ ಇದನ್ನು ಎತ್ತಿಕೊಂಡು ಹೋಗಿ ಬೀಗ ಹಾಕಿದರೆ ಕೋರ್ಟಿಗೆ ಹೋಗಬೇಕು. ಹತ್ತು ಮಂದಿಯ ಹೆಸರಿದ್ದರೆ ಒಬ್ಬ ದುಬೈಗೆ ಹೋಗಿರುತ್ತಾನೆ, ಒಬ್ಬ ತೀರಿಕೊಂಡಿರುತ್ತಾನೆ, ಕೇಸು ನಿಲ್ಲುವುದಿಲ್ಲ. ಒಬ್ಬನ ಹೆಸರಿದ್ದರೆ ಕಾಯುವುದು ಸುಲಭ.

“ನಾನು ಕಾವಲುಗಾರ ಅಷ್ಟೇ. ಮಾಲೀಕ ಅಲ್ಲ” ಎಂದರು.

ಕಳ್ಳರಿಂದ ಕಾಯಲಿಕ್ಕೆಂದು ನಾವೆಲ್ಲ ಸಹಿ ಹಾಕಿದೆವು. ನಾನು ಇಂಥ ಕಾಗದಕ್ಕೆ ಹೆಬ್ಬೆಟ್ಟು ಒತ್ತದೆ ಪೂರ್ತಿ ಹೆಸರು ಬರೆದದ್ದು ಅದೇ ಮೊದಲು. ಕಾವಲುಗಾರನನ್ನು ಕಾಯುವವರು ಯಾರು ಎಂದು ಯಾರೂ ಕೇಳಲಿಲ್ಲ. ಕೇಳುವ ಹಾಗೆ ಇರಲೂ ಇಲ್ಲ ಅವರು, ಆಗ.

ದನಿ ತಯಾರಾಯಿತು, ಆ ಅಮೆರಿಕದವನ ಷರತ್ತಿನ ಮೇಲೆಯೇ ಮಾಸ್ತರು ಅದನ್ನು ಎಲ್ಲರಿಗೂ ಬಿಟ್ಟರು. ಕಲ್ಯಾಣದ ಹುಡುಗಿ ಅದನ್ನು ಕೇಳಿ ಕೇಳಿ ಕಾಲೇಜು ಮುಗಿಸಿದಳು ಎಂದು ಸುದ್ದಿ ಬಂತು. ಆಮೇಲೆ ಅದು ನಮ್ಮ ಮನೆಗೇ ಬೇಕಾಯಿತು. ಸಕ್ಕರೆ ಕಾಯಿಲೆ ನಮ್ಮವರ ಕಣ್ಣು ತಿಂದಿತು. ಅವರಿಗೆ ಊಟ ಬಿಟ್ಟರೂ ನಡೆಯುತ್ತದೆ, ಪೇಪರ್ ಬಿಟ್ಟರೆ ನಡೆಯುವುದಿಲ್ಲ. ಊರಿನ ಸುದ್ದಿ, ಕಾಳಿನ ಪೇಟೆ ಧಾರಣಿ, ಯಾವ ಬಸ್ಸು ಎಲ್ಲಿ ಬಿತ್ತು, ಎಲ್ಲ ಬೇಕು. ಕಂಪ್ಯೂಟರು ನನ್ನ ದನಿಯಲ್ಲಿ ಪೇಪರ್ ಓದಲು ಹತ್ತಿತು. ನಾನು ಒಲೆಯ ಮುಂದೆ, ನನ್ನ ದನಿ ಹೊರಕೋಣೆಯಲ್ಲಿ. ಬಂದವರಿಗೆಲ್ಲ ನಮ್ಮವರು ಹೇಳುತ್ತಿದ್ದರು, “ಡಬ್ಬ್ಯಾಗಿನಾಕಿ ಭಾಳ ಛೊಲೋ ಹೆಣಮಗಳ್ರೀ. ಎಷ್ಟ ಸಲ ಕೇಳಿದ್ರೂ ಸಿಟ್ಟಿಲ್ಲ. ಒಲಿ ಮುಂದಿನಾಕೀನೂ ಹಿಂಗ ಇದ್ದಿದ್ರ ನನ್ನ ಜನ್ಮ ಉದ್ಧಾರ ಆಗ್ತಿತ್ತು.”

ಈ ನಡುವೆ ಮಾಸ್ತರು ಭಾನುವಾರ ಬರುವುದು ಕಡಿಮೆ ಮಾಡಿದರು. ಆಮೇಲೆ ಮನೆ ಮಾರಿ ನವಿ ಮುಂಬೈಯ ಐರೋಲಿಗೆ ಹೋದರು. ಹೋಗುವಾಗ ಮೇಲೆ ಬಂದು ಹೇಳಿ ಹೋದರು, ವಿಷಯ ಮಾತ್ರ ಹೇಳಲಿಲ್ಲ.

ಕಳೆದ ವರ್ಷ ನಮ್ಮ ಹಳೆಯ ಕಂಪ್ಯೂಟರು ಪೂರ್ತಿ ಹೋಯಿತು. ಮೊಮ್ಮಗಳು ಅಜ್ಜನಿಗೆ ಹೊಸ ಫೋನ್ ತಂದು ಅದರಲ್ಲಿ ಪೇಪರ್ ಓದುವ ಆ್ಯಪ್ ಹಾಕಿ ಕೊಟ್ಟಳು. ಗುಂಡಿ ಒತ್ತಿದರೆ ನನ್ನದೇ ದನಿ! ಮೊದಲಿಗಿಂತ ನುಣುಪಾಗಿತ್ತು. ಮಾಸ್ತರು ಇನ್ನೂ ತಿದ್ದುತ್ತಲೇ ಇದ್ದಾರೆ ಎಂದುಕೊಂಡೆ, ಮೊಮ್ಮಗಳ ಮುಂದೆ ಅವರನ್ನು ಹೊಗಳಿಯೂ ಬಿಟ್ಟೆ. ಒಂದು ತಿಂಗಳು ಚೆನ್ನಾಗಿ ನಡೆಯಿತು. ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಹೊರಗಿನಿಂದ ನಮ್ಮವರು ಕೂಗಿದರು.

“ಏ, ರೊಕ್ಕಾ ಯಾಕ ಕೇಳಾಕತ್ತೀ? ನನ್ನ ಕಿಸೇದಾಗ ಏನೈತಿ?”

“ಯಾರು ಕೇಳಿದ್ರು? ನಾ ಇಲ್ಲೆ ಅಡಗಿಮನ್ಯಾಗ ಅದೀನಿ.”

“ನೀನಽ ಕೇಳಿದಿ. ಈಗಽ ಕೇಳಿದಿ.”

ಹೋಗಿ ಕಿವಿಗೊಟ್ಟೆ. ಫೋನಿನೊಳಗಿಂದ ನಾನು ಹೇಳುತ್ತಿದ್ದೆ: ‘ನಿಮ್ಮ ಉಚಿತ ಅವಧಿ ಮುಗಿದಿದೆ. ಮುಂದೆ ಕೇಳಲು ದಯವಿಟ್ಟು ಹಣ ಪಾವತಿಸಿ.’

ಪಾವತಿಸಿ ಎಂಬ ಶಬ್ದ ನನ್ನ ಬಾಯಲ್ಲಿ ಎಂದೂ ಹುಟ್ಟಿದ್ದಿಲ್ಲ. ನಾವು ಕೊಡ್ರಿ ಅನ್ನುವವರು. ಆ ಎರಡು ಬೇಸಿಗೆಗಳಲ್ಲಿ ಓದಿದ ನೂರಾರು ವಾಕ್ಯಗಳಲ್ಲಿ ಅಂಥದು ಇರಲಿಲ್ಲ. ನನ್ನ ಚೂರುಗಳನ್ನೇ ಜೋಡಿಸಿ, ನಾನು ಆಡದ ಮಾತನ್ನು ನನ್ನಿಂದ ಆಡಿಸಿದ್ದರು. ಅದನ್ನು ಕೇಳಿಸಿದ್ದು ನನ್ನ ಕುರುಡು ಗಂಡನಿಗೆ.

ಮೊಮ್ಮಗಳು ಬಂದು ನೋಡಿ, “ಆಜೀ, ಸಬ್‌ಸ್ಕ್ರಿಪ್ಶನ್ ಸಂಪ್ಲಂ. ಪೈಸೆ ಭರಾಯ್ಲಾ ಲಾಗ್ತೀಲ್” ಎಂದಳು. ಚಂದಾ ಮುಗಿದಿದೆ, ಹಣ ಕಟ್ಟಬೇಕಂತೆ. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲೇ.

“ಯಾರಿಗೆ ಕೊಡೂದು?”

“ಕಂಪನೀಲಾ. ಐರೋಲೀತ್ ಆಹೇ.”

ಕಂಪನಿ ಐರೋಲಿಯಲ್ಲಿದೆ ಎಂದ ಕೂಡಲೇ ನನಗೆ ತಿಳಿಯಿತು. ಮೊಮ್ಮಗಳು ಹುಡುಕಿ ಉಳಿದದ್ದನ್ನು ಹೇಳಿದಳು. ಮಾಸ್ತರು ದನಿಯನ್ನೂ ಅದರ ಹಕ್ಕನ್ನೂ ಒಂದು ಕಂಪನಿಗೆ ಮಾರಿದ್ದರು. ಹಕ್ಕೆಲ್ಲ ಒಬ್ಬರ ಹೆಸರಿಗೇ ಇದ್ದದ್ದರಿಂದ ಬೇರೆ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಕಳ್ಳನಿಗೆ ಕಷ್ಟವಾಗಲಿ ಎಂದು ನಾವು ಮಾಡಿದ್ದು ಮಾರುವವನಿಗೆ ಸಲೀಸಾಯಿತು.

ಠಾಣೆ ಪಟ್ಟಣದ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋದೆ. ರೊಟ್ಟಿ ಕಟ್ಟಿಕೊಂಡು ಹೋಗಲಿಲ್ಲ. ಎತ್ತರದ ಕಟ್ಟಡ, ಲಿಫ್ಟಿನವನಿಗೆ ನನ್ನ ಮೇಲೆ ಸಂಶಯ. ಮಾಸ್ತರೇ ಬಾಗಿಲು ತೆರೆದರು. ತೆಳ್ಳಗಾಗಿದ್ದರು, ಕೊರಳ ಎಲುಬು ಕಾಣುತ್ತಿತ್ತು.

“ಬನ್ನಿ ಅಕ್ಕಾ, ಎಂತ ಇಷ್ಟು ದೂರ?”

“ನನ್ನ ದನಿ ಎಲ್ಲೈತಿ ಅಂತ ನೋಡಾಕ ಬಂದೀನ್ರೀ ಮಾಸ್ತರ.”

ನಕ್ಕರು. ತಾವೇ ಚಹಾ ಮಾಡಿ ತಂದರು. ಕುಳಿತು, ನನ್ನನ್ನು ನೋಡದೆ ಹೇಳಿದರು, “ಬಂದು ಕೇಳಿದ್ದು ನೀವೊಬ್ಬರೇ, ಗೊತ್ತುಂಟಾ? ಉಳಿದವರಿಗೆ ಬೇಕಾದ್ದು ಕೆಟ್ಟದ್ದನ್ನು ಸರಿ ಮಾಡ್ಲಿಕ್ಕೆ ಒಬ್ಬ ಜನ. ಇಷ್ಟು ವರ್ಷ ಒಬ್ಬನೇ ನೋಡಿಕೊಂಡೆ. ಫೋನ್ ಬದಲಾದ್ರೆ ನಾನು ತಿದ್ದಬೇಕು, ಅಕ್ಷರ ತಪ್ಪಿ ಓದಿದ್ರೆ ನನಗೆ ಬೈಗುಳ. ಸರಿ ಮಾಡಿ ಕೊಟ್ರೆ ಒಂದು ಮಾತಿಲ್ಲ. ಜೊತೆಗೆ ಬರೆದ ಹುಡುಗರೆಲ್ಲ ಒಳ್ಳೆ ಕೆಲಸ ಹಿಡಿದು ಹೋದರು. ನನಗೆ ಸಾಕಾಯ್ತು ಅಕ್ಕಾ.”

ಇದರಲ್ಲಿ ಸುಳ್ಳಿರಲಿಲ್ಲ. ಅವರು ಒಬ್ಬರೇ ಆಗಿದ್ದನ್ನು ನಾನೂ ಕಂಡಿದ್ದೆ.

“ಸಾಕಾದ್ರ ಬಿಟ್ಟು ಹೋಗಬೇಕಿತ್ತು. ಬಾಗಲಾ ತೆರದಿಟ್ಟು ಹೋಗಬೇಕಿತ್ತು. ಕೀಲಿ ಜಡದು ಕೀಲಿಕೈ ಯಾಕ ಮಾರಿದ್ರಿ?”

“ಅವರು ಚೆಂದ ಮಾಡಿದ್ದಾರಲ್ಲ. ಮೊದಲಿಗಿಂತ ಚೆಂದ ಮಾತಾಡ್ತದೆ.”

“ಮಾತಾಡ್ತೈತಿ. ನಾ ಆಡಲಾರದ ಮಾತೂ ಆಡ್ತೈತಿ. ನನ್ನ ಗಂಡನ ಕಡೆ ನನ್ನ ಬಾಯಿಲೆ ರೊಕ್ಕಾ ಕೇಳಿಸೀರಿ.”

ಕ್ಷಮೆ ಕೇಳಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆನೋ ಏನೋ. ಅವರು ಮೇಜಿನ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದರು:

“ಕಾನೂನಿನ ಪ್ರಕಾರ ಎಲ್ಲ ಸರಿ ಉಂಟು ಅಕ್ಕಾ. ನೀವೇ ಬರೆದುಕೊಟ್ಟದ್ದಲ್ಲವಾ.”

ಚಹಾ ಅರ್ಧ ಇತ್ತು. ಅಲ್ಲೇ ಬಿಟ್ಟು ಎದ್ದು ಬಂದೆ. ಅಮೆರಿಕದ ಯಂತ್ರದ ಕಥೆಯಲ್ಲಿ, ಕೊಡುವುದಿಲ್ಲ, ಸಹಿ ಆಗಿದೆ ಎಂದವನ ಮಾತನ್ನು ಅವರು ಎಷ್ಟೋ ಭಾನುವಾರ ಆಡಿ ತೋರಿಸಿದ್ದರು. ಆ ದಿನ ಆಡಿ ತೋರಿಸುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಮುಂಚೆ ತೀರಿಕೊಂಡರು. ಹೊಟ್ಟೆಯಲ್ಲಿ ಗಡ್ಡೆ ಇತ್ತಂತೆ. ನಾನು ಹೋದಾಗಲೂ ಇತ್ತಂತೆ. ಆಸ್ಪತ್ರೆಯ ಖರ್ಚಿಗೆಂದೇ ಮಾರಿದರು ಎಂದು ಕೆಲವರು ಹೇಳುತ್ತಾರೆ. ಮಾರಿದ್ದು ಮೊದಲು, ಗಡ್ಡೆ ಗೊತ್ತಾದದ್ದು ಆಮೇಲೆ ಎಂದು ಅವರ ಹೆಂಡತಿಯೇ ನನಗೆ ಹೇಳಿದರು. ಸತ್ತವರಿಗೆ ಬೇಕಾದ ಕಾರಣವನ್ನು ನಾವು ಹೊಲಿದು ಕೊಡಬಾರದು.

ಸಂಘದಲ್ಲಿ ಶ್ರದ್ಧಾಂಜಲಿ ಸಭೆ ಆಯಿತು. ತ್ಯಾಗಿ ಎಂದರು, ಋಷಿ ಎಂದರು. ಐರೋಲಿಯ ಕಂಪನಿಯಿಂದ ಬಂದ ತರುಣನೊಬ್ಬ ಕೈಮುಗಿದು, ಸರ್ ನಮಗೆ ಹಂಚುವುದನ್ನು ಕಲಿಸಿದರು ಎಂದ. ಆಮೇಲೆ ಈ ದನಿಯ ಒಡತಿ ಇಲ್ಲೇ ಇದ್ದಾರೆ, ಎರಡು ಮಾತಾಡಲಿ ಎಂದು ನನ್ನನ್ನು ಎಬ್ಬಿಸಿದರು. ಮೈಕಿನ ಮುಂದೆ ನಿಂತೆ.

“ಮಾಸ್ತರು ನನಗ ಓದಾಕ ಕಲಿಸಿದ್ರು. ಆಮ್ಯಾಲ ನನ್ನ ದನಿ ಮಾರಿದ್ರು. ಎರಡೂ ಖರೆ ಐತಿ. ಕೂಡ್ರತೀನಿ.”

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕಂಪನಿಯ ತರುಣ ಮಾತ್ರ ಚಹಾದ ಹೊತ್ತಿನಲ್ಲಿ ನನ್ನ ಹತ್ತಿರ ಬಂದ. ಒಳ್ಳೆಯ ಹುಡುಗನೇ. “ಆಂಟೀಜಿ, ಅಂಕಲ್ ಕೇ ಲಿಯೇ ಲೈಫ್‌ಟೈಮ್ ಫ್ರೀ ಕರ್ ದೇತೇ ಹೈಂ. ಬಸ್, ಏಕ್ ಬಾರ್ ಆಫೀಸ್ ಆ ಜಾಯಿಯೇ, ಥೋಡಾ ನಯಾ ರೆಕಾರ್ಡಿಂಗ್ ಕರ್‌ನಾ ಹೈ” ಎಂದ. ಗಂಡನಿಗೆ ಜೀವ ಇರುವ ತನಕ ಪುಕ್ಕಟೆ, ನಾನು ಒಮ್ಮೆ ಹೋಗಿ ಹೊಸ ವಾಕ್ಯಗಳನ್ನು ಓದಿ ಬಂದರೆ ಸಾಕು. ಪಕ್ಕದಲ್ಲೇ ಕೂತಿದ್ದ ನಮ್ಮವರು ಎಲ್ಲ ಕೇಳಿಸಿಕೊಂಡರು.

ಅಷ್ಟರಲ್ಲಿ ಯಾರೋ ನನ್ನ ಮೊಳಕೈ ಹಿಡಿದರು. ಕಲ್ಯಾಣದ ಆ ಹುಡುಗಿ. ಈಗ ದೊಡ್ಡವಳು, ಠಾಣೆಯಲ್ಲಿ ಒಂದು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್.

“ನಿಮ್ಮ ದನಿ ಮುಪ್ಪಾಗೇದ ಅಜ್ಜಿ” ಎಂದಳು. “ಆದ್ರೂ ಗುರ್ತು ಹಿಡದೆ. ನಂಗ ಪರೀಕ್ಷಾ ಪಾಸ್ ಮಾಡಿಸಿದ ದನಿ ಅದು.”

“ಅದು ಈಗ ಮಾರಾಟಕ್ಕೈತೆವ್ವ.”

“ಹೊಸಾದು ಮಾರಾಟಕ್ಕದ. ಹಳೇದು ಹಂಗಽ ಅದ. ಮಾಸ್ತರು ಮೊದಲ ಸಲ ಎಲ್ಲಾರಿಗೂ ಕೊಟ್ಟಾಗ ಹಾಕಿದ ಷರತ್ತು ಅವರಿಗೂ ತೆಗೀಲಿಕ್ಕೆ ಬರೂದಿಲ್ಲ. ಆ ದನಿ, ಅದರ ಬರಹ, ನೀವು ಓದಿದ ಮೂಲ ರೆಕಾರ್ಡಿಂಗ್, ಎಲ್ಲಾ ಇಂಟರ್ನೆಟ್ಟಿನ ಮ್ಯಾಲೆ ಬಿದ್ದದ. ಹೊಸ ಫೋನಿನ್ಯಾಗ ನಡೆಯೂದಿಲ್ಲ, ಅಷ್ಟಽ. ಠಾಣ್ಯಾಗ ನಾವು ನಾಲ್ಕು ಮಂದಿ ಕೂತು ತಿದ್ದಲಿಕ್ಕೆ ಹತ್ತೇವಿ. ಈ ಸಲ ಯಾರ ಹಕ್ಕೂ ಇನ್ನೊಬ್ಬರ ಹೆಸರಿಗೆ ಬರಕೊಡೂದಿಲ್ಲ ಅಂತ ಮೊದಲಽ ಠರಾವು ಮಾಡೇವಿ. ನೀವು ಹೊಸದಾಗಿ ಓದೂದು ನಿಮ್ಮ ಹೆಸರಿಗೇ ಇರ್ತದ. ಎಲ್ಲಾರೂ ಹೂಂ ಅಂದ್ರಽ ಮಾರ್ಲಿಕ್ಕೆ ಸಾಧ್ಯ. ನಾಳೆ ಓದಲಿಕ್ಕೆ ಬರ್ತೀರೇನು?”

ರಿಕ್ಷಾದಲ್ಲಿ ನಮ್ಮವರು ಬಾಯಿ ತೆರೆದರು.

“ಕಂಪನಿ ಹುಡುಗ ಪುಕ್ಕಟೆ ಕೊಡ್ತೀನಿ ಅಂದ. ಯಾಕ ಸುಮ್ಮನಾದಿ?”

“ನಿಮ್ಮೊಬ್ಬರಿಗೆ ಪುಕ್ಕಟೆ. ಉಳಿದ ಕುರುಡರ ಕಡೆ ನನ್ನ ಬಾಯಿ ರೊಕ್ಕಾ ಕೇಳಬೇಕು.”

“ನಾ ಉಳಿದವರ ಸುದ್ದಿ ಕೇಳಿದ್ನೇನು? ಕಣ್ಣು ಹೋದದ್ದು ನಂದು. ನಿನಗೇನು ಹೋಗೂದೈತಿ?”

ನ್ಯಾಯವಾದ ಮಾತು. ನನ್ನ ಹಟಕ್ಕೆ ಬೆಲೆ ತೆರುವವರು ಅವರು.

“ಠಾಣ್ಯಾಗಿನ ದನಿ ತಯಾರಾಗೂ ತನಕಾ ಪೇಪರ್ ಯಾರು ಓದ್ತಾರ?” ಎಂದು ಮೆಟ್ಟಿಲು ಹತ್ತುವಾಗ ಮತ್ತೆ ಕೇಳಿದರು.

“ನಾನಽ ಓದ್ತೀನಿ. ಸಾವಕಾಶ ಓದ್ತೀನಿ. ನಡುವ ಬಾಯಿ ಹಾಕಬ್ಯಾಡ್ರಿ.”

“ಡಬ್ಬ್ಯಾಗಿನಾಕಿ ಇಷ್ಟು ಜೋರು ಮಾಡ್ತಿದ್ದಿಲ್ಲ” ಎಂದರು.

ಮರುದಿನ ಬೆಳಿಗ್ಗೆ ಅವರಿಗೆ ಮೊದಲ ಪುಟವನ್ನಷ್ಟೇ ಓದಿ, ಉಳಿದದ್ದು ಸಂಜೆಗೆ ಎಂದು ಹೇಳಿ, ಠಾಣೆಗೆ ಹೋದೆ. ಆಪರೇಟರ್ ಹುಡುಗಿ ಸ್ಟೇಷನ್ನಿನಲ್ಲಿ ಕಾಯುತ್ತಿದ್ದಳು. ಅವಳ ಗೆಳತಿಯ ಮನೆ, ಚಿಕ್ಕ ಕೋಣೆ, ಮಂಚದ ಮೇಲೆ ಎರಡು ಕಂಪ್ಯೂಟರು. ಹೊಸದು ಓದುವ ಮೊದಲು ಹಳೆಯ ಮೂಲ ರೆಕಾರ್ಡಿಂಗನ್ನು ಶುದ್ಧ ಮಾಡಬೇಕು ಎಂದು ಆ ಗೆಳತಿ ಒಂದೊಂದಾಗಿ ಹಚ್ಚಿದಳು. ಅದರೊಳಗೆ ನಾನು ಓದುತ್ತಿದ್ದೆ, ಗಟ್ಟಿ ದನಿ, ಹೆದರಿದ ದನಿ. ನಡುವೆ ಲೋಕಲ್ ಹೋಗುವ ಸದ್ದು. ಅದು ಮುಗಿದ ಮೇಲೆ, ಹತ್ತಿರದಿಂದ, ಮಾಸ್ತರ ದನಿ: “ಹೋಯ್ತು ಗಾಡಿ. ಅವಸರ ಬೇಡ ಅಕ್ಕಾ. ನೀರು ಕುಡಿದು ಓದಿ.”

ಗೆಳತಿ ರೆಕಾರ್ಡಿಂಗ್ ನಿಲ್ಲಿಸಿದಳು. ನನ್ನ ಕಡೆ ತಿರುಗಿ, “ಅಜ್ಜಿ, ಇದನ್ನ ಇಡೋಣ್ವಾ? ಬೇರೆ ಕಡೆ ತೆಗೆದಿಡ್ತೀನಿ ಬೇಕಾದ್ರೆ” ಎಂದಳು.

“ನನ್ನ ದನಿ ಮಾಡಾಕ ಅದು ಬೇಕೇನು?”

“ಬೇಡ.”

“ಹಂಗಾರ ಕತ್ತರಿಸು.”

ಕತ್ತರಿಸಿದಳು. ಮುಂದಿನ ವಾಕ್ಯ ಹಚ್ಚು ಎಂದೆ.